ಹಸಿರು ಕಟ್ಟಡಗಳ ವಿದೇಶಿ ಮಾರುಕಟ್ಟೆ ಮತ್ತು ಮಲೆನಾಡಿನ ಸಾಮಗ್ರಿ: ಸರಕಿಗಿಂತ ಮೊದಲು ದಾಖಲೆ

2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳ ಆಮದಿನ ವಿರುದ್ಧ ಎಚ್ಚರಿಕೆಯ ಆದೇಶವನ್ನು ಹೊರಡಿಸಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಹಾಳೆಯ ಮೂಲಕ ಆಹಾರವನ್ನು ಸೇರಬಹುದು. ಆದುದರಿಂದ ಇಂತಹ ತಟ್ಟೆಗಳನ್ನು ಆಹಾರದ ಬಳಕೆಗೆ ಸುರಕ್ಷಿತವೆಂದು ಒಪ್ಪಲಾಗದು ಎಂಬುದು ಆ ಸಂಸ್ಥೆಯ ನಿಲುವು. ಪ್ಲಾಸ್ಟಿಕ್‌ಗೆ ಬದಲಿ, ಮಣ್ಣಿನಲ್ಲಿ ಕರಗುವ ವಸ್ತು, ಸಂಪೂರ್ಣ ನೈಸರ್ಗಿಕ ಎಂಬ ಮಾತುಗಳ ಬಲದಿಂದ ಬೆಳೆದಿದ್ದ ಒಂದು ಗ್ರಾಮೀಣ ಉದ್ಯಮಕ್ಕೆ ದೊಡ್ಡ ಮಾರುಕಟ್ಟೆಯೊಂದರ ಬಾಗಿಲು ಇದರಿಂದ ಮುಚ್ಚಿತು.

ಈ ಪ್ರಸಂಗದ ನಂತರ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಣ್ಣ ಉದ್ಯಮಿಗಳ ಮುಂದೆ ಒಂದು ಪ್ರಶ್ನೆ ಉಳಿದಿದೆ. ಹಾಳೆ, ಅಡಿಕೆ ಸಿಪ್ಪೆ, ಬಿದಿರು, ಮರ, ಜಂಬಿಟ್ಟಿಗೆ ಕಲ್ಲು ಮುಂತಾದ ಸ್ಥಳೀಯ ವಸ್ತುಗಳನ್ನು ಊಟದ ಮೇಜಿನ ಬದಲು ಕಟ್ಟಡದ ಗೋಡೆ, ನೆಲ ಹಾಗೂ ಛಾವಣಿಗೆ ಒದಗಿಸಿ, ಹೊರದೇಶಗಳಲ್ಲಿ ಬೆಳೆಯುತ್ತಿರುವ ಹಸಿರು ಕಟ್ಟಡಗಳ ಮಾರುಕಟ್ಟೆಯನ್ನು ಪ್ರವೇಶಿಸಲು ಸಾಧ್ಯವೇ? ಸಾಧ್ಯವಿದೆ. ಆದರೆ ಆ ಮಾರುಕಟ್ಟೆಯ ಗ್ರಾಹಕನು ಸರಕಿನೊಡನೆ ಅದರ ಪುರಾವೆಯನ್ನೂ ಕೊಳ್ಳುತ್ತಾನೆ. ಪುರಾವೆಯಿಲ್ಲದ ನೈಸರ್ಗಿಕತೆಗೆ ಅಲ್ಲಿ ಬೆಲೆಯಿಲ್ಲ ಎಂಬುದೇ ಹಾಳೆತಟ್ಟೆಯ ಪ್ರಸಂಗ ಕಲಿಸಿದ ಪಾಠ.

ಅಂಕಗಳು ಕಟ್ಟಡಕ್ಕೆ, ಪುರಾವೆ ಸಾಮಗ್ರಿಗೆ

ನೀರು, ವಿದ್ಯುತ್ತು ಮತ್ತು ಕಚ್ಚಾವಸ್ತುಗಳನ್ನು ಮಿತವಾಗಿ ಬಳಸಿ, ಒಳಗೆ ವಾಸಿಸುವವರ ಆರೋಗ್ಯಕ್ಕೆ ಹಾನಿಯಾಗದಂತೆ ನಿರ್ಮಿಸಿದ ಕಟ್ಟಡವನ್ನು ಹಸಿರು ಕಟ್ಟಡವೆನ್ನುತ್ತಾರೆ. ಇದನ್ನು ಅಳೆಯಲು ಬ್ರಿಟನ್ನಿನಲ್ಲಿ 1990ರಲ್ಲಿ ‘ಬ್ರೀಯಮ್’ ಪದ್ಧತಿ ಜಾರಿಗೆ ಬಂದಿತು. ಅನಂತರ ಅಮೆರಿಕದ ‘ಲೀಡ್’, 2005ರಲ್ಲಿ ಸಿಂಗಪುರದ ‘ಗ್ರೀನ್ ಮಾರ್ಕ್’, ಅಬುಧಾಬಿಯ ‘ಎಸ್ತಿದಾಮಾ’ ಮುಂತಾದವು ಬಂದವು. ಭಾರತದಲ್ಲಿ 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಸ್ಥಾಪನೆಯಾಯಿತು. ಹೈದರಾಬಾದಿನ ಸಿಐಐ–ಸೊರಾಬ್ಜಿ ಗೋದ್ರೆಜ್ ಹಸಿರು ವ್ಯವಹಾರ ಕೇಂದ್ರವು 2003ರಲ್ಲಿ ಲೀಡ್ ಪದ್ಧತಿಯ ಅತ್ಯುನ್ನತ ಪ್ಲಾಟಿನಂ ದರ್ಜೆಯನ್ನು ಅಮೆರಿಕದ ಹೊರಗೆ ಮೊದಲಿಗೆ ಪಡೆದ ಕಟ್ಟಡವೆನಿಸಿತು. ನಮ್ಮ ದೇಶದ್ದೇ ಆದ ‘ಗೃಹ’ ಪದ್ಧತಿ 2007ರಲ್ಲಿ ರೂಪುಗೊಂಡಿತು. ಅಮೆರಿಕದ ಹೊರಗಿನ ಲೀಡ್ ಕಟ್ಟಡಗಳ 2023ರ ಪಟ್ಟಿಯಲ್ಲಿ ಭಾರತ ಮೂರನೆಯ ಸ್ಥಾನದಲ್ಲಿತ್ತು.

ಇಲ್ಲಿ ವ್ಯಾಪಾರಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ‘ಲೀಡ್ ಪ್ರಮಾಣಪತ್ರ ಪಡೆದ ಹಲಗೆ’ ಅಥವಾ ‘ಲೀಡ್ ಹಂಚು’ ಎಂಬುದು ಇಲ್ಲ. ಪ್ರಮಾಣಪತ್ರ ದೊರೆಯುವುದು ಕಟ್ಟಡಕ್ಕೆ ಮಾತ್ರ. ಸಾಮಗ್ರಿಯು ತನ್ನ ದಾಖಲೆಗಳ ಮೂಲಕ ಆ ಕಟ್ಟಡದ ಅಂಕಗಳಿಗೆ ನೆರವಾಗುತ್ತದೆ. ಲೀಡ್‌ನ ನಾಲ್ಕನೆಯ ಆವೃತ್ತಿ 2013ರಲ್ಲಿ ಬಂದಂದಿನಿಂದ ಸಾಮಗ್ರಿಯ ಪರಿಸರ ಪರಿಣಾಮ, ಕಚ್ಚಾವಸ್ತುವಿನ ಮೂಲ ಹಾಗೂ ಅದರಲ್ಲಿರುವ ರಾಸಾಯನಿಕಗಳನ್ನು ಬಹಿರಂಗಪಡಿಸುವ ಉತ್ಪಾದಕರ ಸಾಮಗ್ರಿಗಳಿಗೆ ಪ್ರತ್ಯೇಕ ಅಂಕಗಳಿವೆ. ಕಟ್ಟಡದ ಸಲಹೆಗಾರನು ಪ್ರತಿಯೊಂದು ಸಾಮಗ್ರಿಗೂ ಒಂದು ಕಡತವನ್ನು ಇಡುತ್ತಾನೆ. ಕಡತಕ್ಕೆ ಸೇರಿಸಲು ಕಾಗದಗಳಿಲ್ಲದ ಸಾಮಗ್ರಿಯನ್ನು ಆತ ತಿರಸ್ಕರಿಸಿ ಪತ್ರ ಬರೆಯುವುದಿಲ್ಲ; ಮಾದರಿ ಕಳುಹಿಸಿದ ಉತ್ಪಾದಕನಿಗೆ ಉತ್ತರವೇ ಬರುವುದಿಲ್ಲ. ಬೆಲೆ ಹೆಚ್ಚಾಯಿತೆಂದು ಭಾವಿಸಿ ಬೆಲೆ ಇಳಿಸುವ ಉತ್ಪಾದಕರು ರೋಗವೊಂದಿರಲು ಮತ್ತೊಂದಕ್ಕೆ ಔಷಧ ಮಾಡಿದಂತಾಗುತ್ತದೆ.

ಮಂಗಳೂರು ಹಂಚಿನ ನಿದರ್ಶನ

ಕರ್ನಾಟಕದ ಕಟ್ಟಡ ಸಾಮಗ್ರಿ ಹಡಗನ್ನೇರಿದ್ದು ಇದೇ ಮೊದಲಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ ತೀರದ ಆವೆಮಣ್ಣು, ಘಟ್ಟದ ಸೌದೆ ಮತ್ತು ಬಂದರು ಒಂದೆಡೆ ದೊರೆತುದರಿಂದ ಮಂಗಳೂರು ಹಂಚು ಶ್ರೀಲಂಕಾ, ಬರ್ಮಾ, ಪೂರ್ವ ಆಫ್ರಿಕಗಳವರೆಗೆ ಹೋಯಿತು. ಮಲೆನಾಡಿನ ಹಳೆಯ ಮನೆಗಳ ಮಾಡಿನ ಮೇಲೂ ಇದೇ ಹಂಚುಗಳಿವೆ. ಹಂಚನ್ನು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರು ಮತ್ತು ಊರು ಅಚ್ಚೊತ್ತಿರುವುದು ಕಾಣುತ್ತದೆ. ಒಂದು ಅಚ್ಚಿನಿಂದ ಬಂದ ಹಂಚು ಇನ್ನೊಂದರೊಡನೆ ಸರಿಯಾಗಿ ಕೂಡಿಕೊಳ್ಳುತ್ತಿತ್ತು. ಒಡೆದರೆ ಅದೇ ಗುರುತಿನ ಹಂಚನ್ನು ಮತ್ತೆ ತರಿಸಬಹುದಿತ್ತು. ದೂರದ ಗ್ರಾಹಕನಿಗೆ ಆ ಅಚ್ಚೇ ಭರವಸೆಯಾಗಿತ್ತು.

ಇಂದು ಆ ಗುರುತಿನ ಸ್ಥಾನವನ್ನು ಪರೀಕ್ಷಾ ವರದಿ ಮತ್ತು ಮೂಲದ ದಾಖಲೆಗಳು ಪಡೆದಿವೆ. ಹಂಚು ಮಣ್ಣಿನದೆಂದ ಮಾತ್ರಕ್ಕೆ ಈಗ ಹಸಿರು ಸಾಮಗ್ರಿಯಾಗುವುದಿಲ್ಲ. ಅದನ್ನು ಸುಡಲು ಎಷ್ಟು ಸೌದೆ ಬಳಸಲಾಯಿತು, ಸೌದೆ ಎಲ್ಲಿಂದ ಬಂದಿತು, ಮಣ್ಣನ್ನು ಎಲ್ಲಿ ತೆಗೆಯಲಾಯಿತು ಎಂಬ ಪ್ರಶ್ನೆಗಳಿಗೂ ಉತ್ತರವಿರಬೇಕು.

ಮೂರು ತಾಲ್ಲೂಕುಗಳ ಸಾಮಗ್ರಿಗಳು: ದಾಖಲೆಯ ದೃಷ್ಟಿಯಿಂದ

ಮಾರುಕಟ್ಟೆಯನ್ನು ಹುಡುಕುವ ಮೊದಲು ಪ್ರತಿಯೊಂದು ವಸ್ತುವಿನ ಮೂಲವನ್ನು ಎಷ್ಟು ಸುಲಭವಾಗಿ ಸಾಬೀತುಪಡಿಸಬಹುದೆಂದು ಪರಿಶೀಲಿಸುವುದು ಉಚಿತ.

ಅಡಿಕೆಯ ಉಳಿಕೆಗಳು: ಈ ದೃಷ್ಟಿಯಿಂದ ಮೊದಲ ಸ್ಥಾನ ಅಡಿಕೆ ಸಿಪ್ಪೆ ಮತ್ತು ಹಾಳೆಗಳಿಗೆ ಸಲ್ಲುತ್ತದೆ. ತೋಟದ ಸರ್ವೆ ನಂಬರು, ವಿಸ್ತೀರ್ಣ ಮತ್ತು ಬೆಳೆ ಪಹಣಿಯಲ್ಲಿಯೇ ದಾಖಲಾಗಿರುತ್ತವೆ. ಮರ ಕಡಿಯುವ ಪ್ರಶ್ನೆಯೇ ಇಲ್ಲ. ಕೊನೆಕೊಯ್ಲಿನ ಕಾಲದಲ್ಲಿ ಸುಲಿದ ಹಸಿ ಸಿಪ್ಪೆಯ ರಾಶಿಗಳು ರಸ್ತೆಯ ಬದಿಯಲ್ಲಿ ಕೊಳೆಯುವುದು ಈ ಭಾಗದ ಪರಿಚಿತ ದೃಶ್ಯ. ಸಿಪ್ಪೆಯ ನಾರಿನಿಂದ ಒತ್ತುಹಲಗೆ, ಹಾಳೆಯಿಂದ ಗೋಡೆಯ ಅಲಂಕಾರಿಕ ಫಲಕಗಳನ್ನು ತಯಾರಿಸಬಹುದು. ಆದರೆ ತಟ್ಟೆ ಒತ್ತುವ ಯಂತ್ರದಲ್ಲಿ ದೊಡ್ಡ ಹಲಗೆ ತಯಾರಾಗದು. ಅದಕ್ಕೆ ಬೇರೆ ಬಂಡವಾಳ ಬೇಕು. ಹಾಳೆತಟ್ಟೆ ಘಟಕಗಳ ಬಳಿ ಈಗಾಗಲೇ ಇರುವ ನಿಜವಾದ ಆಸ್ತಿಯೆಂದರೆ ತೋಟಗಳಿಂದ ಹಾಳೆ ಸಂಗ್ರಹಿಸುವ ಜಾಲ.

ಬಿದಿರು: ಸ್ಪೇನಿನ ಮ್ಯಾಡ್ರಿಡ್ ವಿಮಾನ ನಿಲ್ದಾಣದ ನಾಲ್ಕನೆಯ ಟರ್ಮಿನಲ್ 2006ರಲ್ಲಿ ತೆರೆದಾಗ ಅದರ ವಿಶಾಲವಾದ ಒಳಛಾವಣಿಯನ್ನು ಚೀನದ ಬಿದಿರಿನ ಪಟ್ಟಿಗಳಿಂದ ಹೊದಿಸಲಾಗಿತ್ತು. 2022ರಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿಯೂ ಸಂಸ್ಕರಿಸಿದ ಬಿದಿರಿನ ಒಳಛಾವಣಿ ಇದೆ. ಆದುದರಿಂದ ಬೇಡಿಕೆಯ ಬಗ್ಗೆ ಸಂದೇಹವಿಲ್ಲ. 2017ರ ತಿದ್ದುಪಡಿಯಿಂದ ಅರಣ್ಯೇತರ ಭೂಮಿಯಲ್ಲಿ ಬೆಳೆದ ಬಿದಿರನ್ನು 1927ರ ಭಾರತೀಯ ಅರಣ್ಯ ಕಾಯ್ದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಕೈಬಿಡಲಾಗಿದೆ. ಆದರೂ ರಾಜ್ಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಇರುವುದರಿಂದ, ಸಾಗಣೆಗೆ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಿಂದ ಲಿಖಿತ ಉತ್ತರ ಪಡೆದಿಡುವುದು ಕ್ಷೇಮಕರ. ಕುಟ್ಟೆಹುಳು ಬೀಳದಂತೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಬಿದಿರು ಕಡಿಯುವ ರೂಢಿ ಹಳ್ಳಿಗಳಲ್ಲಿದೆ. ವಿದೇಶಿ ಗ್ರಾಹಕನಾದರೋ ಬೋರಾಕ್ಸ್–ಬೋರಿಕ್ ಆಮ್ಲದ ಸಂಸ್ಕಾರ ಯಾವ ದಿನ, ಯಾವ ಪ್ರಮಾಣದಲ್ಲಿ ನಡೆಯಿತೆಂಬ ದಾಖಲೆಯನ್ನು ಕೇಳುತ್ತಾನೆ.

ಮರ: ಸಾಗರ, ಸೊರಬಗಳ ಗುಡಿಗಾರರ ಕೆತ್ತನೆ ಹೆಸರುವಾಸಿಯಾದುದು. ಕೆತ್ತನೆಯ ಬಾಗಿಲು, ಕಂಬಗಳಿಗೆ ಹೊರದೇಶಗಳಲ್ಲಿ ಬೆಲೆಯೂ ಇದೆ. ಆದರೆ ದಾಖಲೆಯ ದೃಷ್ಟಿಯಿಂದ ಅತ್ಯಂತ ಕಷ್ಟದ ವಸ್ತು ಇದೇ. ಅಮೆರಿಕದಲ್ಲಿ 2008ರಲ್ಲಿ ತಿದ್ದುಪಡಿಯಾದ ಲೇಸಿ ಕಾಯ್ದೆಯಂತೆ ಅಕ್ರಮವಾಗಿ ಕಡಿದ ಮರದ ಸರಕನ್ನು ಆಮದು ಮಾಡುವುದು ಅಪರಾಧ. ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮವು ಇನ್ನೂ ಮುಂದೆ ಹೋಗಿ, 2020ರ ಡಿಸೆಂಬರ್ 31ರ ನಂತರ ಅರಣ್ಯ ಕಡಿದ ಭೂಮಿಯಿಂದ ಮರವು ಬಂದಿಲ್ಲವೆಂದು ತೋರಿಸಲು ಅದು ಬೆಳೆದ ಜಮೀನಿನ ಅಕ್ಷಾಂಶ–ರೇಖಾಂಶಗಳನ್ನು ಕೇಳುತ್ತದೆ. 2025ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿಯಂತೆ ಈ ನಿಯಮವು ಅಲ್ಲಿನ ದೊಡ್ಡ ಮತ್ತು ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30ರಿಂದಲೂ, ಸಣ್ಣ ಮತ್ತು ಅತಿಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30ರಿಂದಲೂ ಅನ್ವಯಿಸುತ್ತದೆ. ಭಾರತವನ್ನು ಕಡಿಮೆ ಅಪಾಯದ ದೇಶವೆಂದು ವರ್ಗೀಕರಿಸಲಾಗಿದ್ದರೂ ಜಮೀನಿನ ಗುರುತನ್ನು ಕೊಡುವ ಹೊಣೆ ತಪ್ಪುವುದಿಲ್ಲ. ಅಡಿಕೆಯು ಈ ನಿಯಮದ ಏಳು ಸರಕುಗಳ ಪಟ್ಟಿಯಲ್ಲಿ ಇಲ್ಲವೆಂಬುದು ಗಮನಾರ್ಹ.

ಮಲೆನಾಡಿನಲ್ಲಿ ಜಮೀನಿನ ಗುರುತು ಹೇಳುವುದು ತೋರುವಷ್ಟು ಸುಲಭವಲ್ಲ. ಸೊಪ್ಪಿನಬೆಟ್ಟದಲ್ಲಿ ತೋಟದ ಒಡೆಯನಿಗೆ ಇರುವುದು ತೋಟಕ್ಕೆ ಬೇಕಾದ ಸೊಪ್ಪು, ತರಗೆಲೆಗಳನ್ನು ಪಡೆಯುವ ಸವಲತ್ತೇ ಹೊರತು ಮರ ಕಡಿದು ಮಾರುವ ಸ್ವಾತಂತ್ರ್ಯವಲ್ಲ. ಬೆಟ್ಟದ ಮರವನ್ನು ಸ್ವಂತ ಜಮೀನಿನ ಮರವೆಂದು ಬರೆದುಕೊಟ್ಟರೆ ಸುಳ್ಳು ಘೋಷಣೆಯಾಗುತ್ತದೆ. ಇನ್ನೊಂದೆಡೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯಿಂದ ಎಬ್ಬಿಸಲ್ಪಟ್ಟ ಅನೇಕ ಕುಟುಂಬಗಳು ಅರಣ್ಯವೆಂದು ದಾಖಲಾದ ಭೂಮಿಯಲ್ಲಿ ನೆಲೆಸಿವೆ. ಆರು ದಶಕಗಳು ಕಳೆದರೂ ಅವರಲ್ಲಿ ಹಲವರ ಹಕ್ಕುಪತ್ರದ ಸಮಸ್ಯೆ ಬಗೆಹರಿದಿಲ್ಲ. ತಂದೆಯ ಕಾಲದಲ್ಲಿ ನೆಟ್ಟ ಮರವಾದರೂ ಅದರ ಮೂಲಪತ್ರವನ್ನು ಈ ಕುಟುಂಬಗಳು ಕೊಡಲಾರವು. ಅರಣ್ಯ ಉಳಿಸಲು ಮಾಡಿದ ನಿಯಮವು ಈ ಬೆಳೆಗಾರರನ್ನೇ ಹೊರಗಿಡುವ ಅಪಾಯವಿದೆ. ಹಕ್ಕುಪತ್ರದ ಪ್ರಶ್ನೆ ಇನ್ನು ಮುಂದೆ ಕಂದಾಯ ಇಲಾಖೆಯದು ಮಾತ್ರವಲ್ಲ, ವಾಣಿಜ್ಯ ಸಂಘಗಳು ಒತ್ತಾಯಿಸಬೇಕಾದ ರಫ್ತಿನ ಪ್ರಶ್ನೆಯೂ ಹೌದು.

ಜಂಬಿಟ್ಟಿಗೆ ಕಲ್ಲು: ಇದನ್ನು ಸುಡಬೇಕಾಗಿಲ್ಲ, ಕಟ್ಟಡಕ್ಕೆ ತಂಪು ಕೊಡುತ್ತದೆ, ಇದಕ್ಕೆ ಐಎಸ್ 3620 ಎಂಬ ಭಾರತೀಯ ಮಾನಕವೂ ಇದೆ. ಆದರೆ ತೂಕ ಹೆಚ್ಚು, ಬೆಲೆ ಕಡಿಮೆ. ದೂರ ಸಾಗಿಸಿದಷ್ಟೂ ಸಾಗಣೆಯ ಇಂಧನವು ಅದರ ಹಸಿರು ಗುಣವನ್ನು ತಿಂದುಹಾಕುತ್ತದೆ. ಇದು ಸ್ಥಳೀಯ ಹಸಿರು ಕಟ್ಟಡಗಳಿಗೆ ಉತ್ತಮ ಸಾಮಗ್ರಿಯೇ ಹೊರತು ರಫ್ತಿನ ಸರಕಲ್ಲ.

ಗ್ರಾಹಕನು ಕೇಳುವ ಕಾಗದಗಳು

ಸಾಮಾನ್ಯವಾಗಿ ಕೇಳಲಾಗುವ ದಾಖಲೆಗಳು ಐದು ಬಗೆಯವು.

1. ಮೂಲದ ದಾಖಲೆ: ಯಾರಿಂದ, ಯಾವ ಸರ್ವೆ ನಂಬರಿನಿಂದ, ಯಾವ ದಿನ, ಎಷ್ಟು ತೂಕ ಕೊಳ್ಳಲಾಯಿತು, ಅದರಿಂದ ಎಷ್ಟು ಸರಕು ತಯಾರಾಯಿತು ಎಂಬ ಲೆಕ್ಕ. ಮರದ ಸರಕಿಗೆ ಎಫ್‌ಎಸ್‌ಸಿ ಅಥವಾ ಪಿಇಎಫ್‌ಸಿ ಪ್ರಮಾಣಪತ್ರ ಕೇಳಬಹುದು. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿಯ ‘ವೃಕ್ಷ್’ ಯೋಜನೆಯು ಮರದ ಕರಕುಶಲ ಸರಕಿನ ಕಾನೂನುಬದ್ಧ ಮೂಲವನ್ನು ದೃಢೀಕರಿಸಲೆಂದೇ ರೂಪುಗೊಂಡಿದೆ.

2. ಹೊರಸೂಸುವಿಕೆಯ ಪರೀಕ್ಷೆ: ನಾರು ನೈಸರ್ಗಿಕವಾದರೂ ಅದನ್ನು ಹಿಡಿದಿಡುವ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರಬಹುದು. ಅಮೆರಿಕದಲ್ಲಿ 2018ರಿಂದ ಜಾರಿಯಲ್ಲಿರುವ ನಿಯಮದಂತೆ ಪಾರ್ಟಿಕಲ್ ಬೋರ್ಡಿನ ಮಿತಿ 0.09 ಪಿಪಿಎಂ. ಯುರೋಪಿಯನ್ ಒಕ್ಕೂಟವು ಮರದ ಸಾಮಗ್ರಿಗಳಿಗೆ 2026ರ ಆಗಸ್ಟ್ 6ರಿಂದ ಪ್ರತಿ ಘನ ಮೀಟರಿಗೆ 0.062 ಮಿಲಿಗ್ರಾಂ ಎಂಬ ಮಿತಿಯನ್ನು ಗೊತ್ತುಪಡಿಸಿದೆ. ಹಾಳೆತಟ್ಟೆಯ ಪಾಠ ಇಲ್ಲಿಯೂ ಅನ್ವಯಿಸುತ್ತದೆ: ಪರೀಕ್ಷೆಯು ಮಾರಾಟಕ್ಕಿಂತ ಮೊದಲು ನಡೆಯಬೇಕು.

3. ಪರಿಸರ ಪರಿಣಾಮದ ಘೋಷಣೆ: ಒಂದು ಚದರ ಮೀಟರ್ ಹಲಗೆಯ ತಯಾರಿಕೆಗೆ ಬಳಸಿದ ವಿದ್ಯುತ್ತು, ಡೀಸೆಲ್, ನೀರು, ಅಂಟುಗಳ ಲೆಕ್ಕದ ಮೇಲೆ ಸಿದ್ಧಪಡಿಸಿ, ಸ್ವತಂತ್ರ ಪರಿಶೀಲನೆಗೆ ಒಳಪಡಿಸುವ ದಾಖಲೆ ಇದು. ಯುರೋಪಿನಲ್ಲಿ ಇಎನ್ 15804 ಎಂಬ ಮಾನಕದಂತೆ ಇದು ಇರಬೇಕು. ಸಾಮಾನ್ಯವಾಗಿ ಐದು ವರ್ಷ ಊರ್ಜಿತದಲ್ಲಿರುತ್ತದೆ.

4. ಬೆಂಕಿ ಮತ್ತು ಬಾಳಿಕೆಯ ವರದಿ: ಬೆಂಕಿ ತಗುಲಿದಾಗ ಸಾಮಗ್ರಿ ಹೇಗೆ ವರ್ತಿಸುತ್ತದೆಂಬ ದರ್ಜೆಯನ್ನು ಯುರೋಪಿನಲ್ಲಿ ಇಎನ್ 13501 ಗೊತ್ತುಪಡಿಸುತ್ತದೆ. ಆಗುಂಬೆಯ ಸೀಮೆಯ ಮಳೆಗಾಲದಲ್ಲಿ ತಯಾರಾದ ಹಲಗೆಯು ಚಳಿದೇಶದ ಬಿಸಿ ಮಾಡಿದ ಕೋಣೆಯಲ್ಲಿ ಒಣಗಿ ಬಿರುಕು ಬಿಡದಿರಲು ತೇವಾಂಶದ ನಿಯಂತ್ರಣವೂ ಅಗತ್ಯ.

5. ಕಟ್ಟುವಿಕೆಯ ದಾಖಲೆ: ಸರಕನ್ನು ಇರಿಸುವ ಮರದ ಪೆಟ್ಟಿಗೆ, ಹಲಗೆಗಳನ್ನೂ ಐಎಸ್‌ಪಿಎಂ 15ರಂತೆ ಸಂಸ್ಕರಿಸಿ ಮುದ್ರೆ ಒತ್ತಿರಬೇಕು. ಶಾಖದ ಕ್ರಮದಲ್ಲಿ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ ಇರಬೇಕು.

ಇವಲ್ಲದೆ, ‘ಪರಿಸರಸ್ನೇಹಿ’ ಎಂಬ ಪದವನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವಾಗಲೂ ಎಚ್ಚರ ಬೇಕು. ಆಧಾರವಿಲ್ಲದ ಇಂತಹ ಮಾತುಗಳನ್ನು ನಿಷೇಧಿಸುವ ಯುರೋಪಿಯನ್ ನಿರ್ದೇಶನವು 2026ರ ಸೆಪ್ಟೆಂಬರ್ 27ರಿಂದ ಅನ್ವಯಿಸುತ್ತದೆ. ಭಾರತದಲ್ಲಿಯೂ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರಲ್ಲಿ ಈ ಕುರಿತು ಮಾರ್ಗಸೂಚಿ ಪ್ರಕಟಿಸಿದೆ.

ದಾಖಲೆಯ ವೆಚ್ಚ: ಒಂದು ಲೆಕ್ಕ

ಇಷ್ಟೆಲ್ಲ ಕಾಗದಗಳ ವೆಚ್ಚವನ್ನು ಸಣ್ಣ ಘಟಕ ಹೊರಬಲ್ಲುದೇ ಎಂಬುದು ಸಹಜವಾದ ಪ್ರಶ್ನೆ. ವಿವರಣೆಗಾಗಿ ಮಾತ್ರ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಬಹುದು. ಐದು ವರ್ಷ ಬಾಳುವ ಘೋಷಣೆ ಮತ್ತು ಪ್ರಮಾಣೀಕರಣಗಳಿಗೆ ಒಟ್ಟು 10 ಲಕ್ಷ ರೂಪಾಯಿ ತಗಲಿದರೆ ವರ್ಷಕ್ಕೆ 2 ಲಕ್ಷವಾಯಿತು. ಘಟಕವೊಂದು ವರ್ಷಕ್ಕೆ 2,000 ಚದರ ಮೀಟರ್ ಫಲಕ ಮಾರಿದರೆ ಪ್ರತಿ ಚದರ ಮೀಟರಿಗೆ 100 ರೂಪಾಯಿ ಹೊರೆ ಬೀಳುತ್ತದೆ. ಒಂದೇ ಕಚ್ಚಾವಸ್ತು, ಒಂದೇ ತಯಾರಿಕಾ ಕ್ರಮವುಳ್ಳ ಐದು ಘಟಕಗಳು ಸೇರಿ 10,000 ಚದರ ಮೀಟರ್ ಮಾರಿದರೆ ಅದೇ ಹೊರೆ 20 ರೂಪಾಯಿಗೆ ಇಳಿಯುತ್ತದೆ. ಹಲವು ಘಟಕಗಳ ಸರಾಸರಿಯ ಮೇಲೆ ಪರಿಸರ ಘೋಷಣೆ ಪಡೆಯಲು ಹಾಗೂ ಗುಂಪಾಗಿ ಮೂಲದ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ಹೊರಸೂಸುವಿಕೆಯ ಪರೀಕ್ಷೆಯನ್ನು ಮಾತ್ರ ಹಂಚಿಕೊಳ್ಳಲಾಗದು. ಪ್ರತಿ ಕಾರ್ಖಾನೆಯ ಸರಕಿಗೂ ಅದು ಬೇರೆಯೇ ಆಗಬೇಕು.

ಗುಂಪು ಕಟ್ಟುವುದು ಮಲೆನಾಡಿಗೆ ಹೊಸದೇನಲ್ಲ. ಅಡಿಕೆಯ ಮಾರಾಟವನ್ನು ಮ್ಯಾಮ್ಕೋಸ್‌ನಂತಹ ಸಹಕಾರ ಸಂಘಗಳು ದಶಕಗಳಿಂದ ನಡೆಸಿಕೊಂಡು ಬಂದಿವೆ. ಬೆಳೆಗಾರರ ಸದಸ್ಯತ್ವದ ವಿವರ ಇಂತಹ ಸಂಘಗಳ ಬಳಿ ಈಗಾಗಲೇ ಇರುವುದರಿಂದ, ಸಿಪ್ಪೆ ಹಾಗೂ ಹಾಳೆಗಳ ಮೂಲದ ದಾಖಲೆಗೆ ಅದೇ ಅಡಿಪಾಯವಾಗಬಲ್ಲುದು.

ದುಡಿಯುವ ಬಂಡವಾಳವನ್ನೂ ಲೆಕ್ಕದಲ್ಲಿ ಸೇರಿಸಬೇಕು. ಹಾಳೆಯನ್ನು ಮಳೆಗೆ ಮುನ್ನ ಸಂಗ್ರಹಿಸಿ ಒಣಗಿಸಿಡಬೇಕು. ವರ್ಷದ ಕಚ್ಚಾವಸ್ತುವಿನ ಹಣ ಬೇಸಿಗೆಯ ಕೆಲವು ತಿಂಗಳಲ್ಲಿಯೇ ಕೈಬಿಡುತ್ತದೆ. ವಿದೇಶಿ ಗ್ರಾಹಕನಿಂದ ಹಣ ಬರುವುದು ಸರಕು ತಲುಪಿದ ಎಷ್ಟೋ ದಿನಗಳ ಮೇಲೆ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಬಂದರಿಗೆ ಬಳಸುದಾರಿಯ ಸಾಗಣೆ ವೆಚ್ಚವೂ ಇದೆ. ಗ್ರಾಹಕನು ಹಣ ಕೊಡದೆ ಹೋದರೆ ರಕ್ಷಣೆಗೆ ಇಸಿಜಿಸಿಯ ವಿಮೆ ಪಡೆಯುವುದು ವಿವೇಕದ ಕ್ರಮ.

ತೆರಿಗೆ ಮತ್ತು ರಫ್ತಿನ ಕ್ರಮ

ರಫ್ತಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಐಇಸಿ ಸಂಖ್ಯೆ ಅವಶ್ಯ. ಜಿಎಸ್‌ಟಿಯಲ್ಲಿ ರಫ್ತು ಶೂನ್ಯ ದರದ ಪೂರೈಕೆ. ತೆರಿಗೆ ತುಂಬದೆ ಕಳುಹಿಸಲು ಪ್ರತಿ ಆರ್ಥಿಕ ವರ್ಷಕ್ಕೂ ಮುಚ್ಚಳಿಕೆ ಪತ್ರವನ್ನು, ಅಂದರೆ ಎಲ್‌ಯುಟಿಯನ್ನು, ಸಲ್ಲಿಸಬೇಕು. ಕೊಂಡ ಸರಕಿನ ಮೇಲೆ ತೆತ್ತ ತೆರಿಗೆಯನ್ನು ಮರಳಿ ಪಡೆಯಬಹುದು. ದೇಶದೊಳಗೆ ತೆರಿಗೆ ವಿನಾಯಿತಿಯುಳ್ಳ ಸರಕಾದರೂ ರಫ್ತಾದಾಗ ಈ ಸೌಲಭ್ಯವಿದೆಯೆಂಬುದನ್ನು ಅನೇಕರು ಗಮನಿಸುವುದಿಲ್ಲ. ಕೃಷಿ ಉಳಿಕೆಗಳಿಂದ ತಯಾರಾದ ಹಲಗೆ, ಬಿದಿರಿನ ನೆಲಹಾಸುಗಳ ಮೇಲಿನ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ.

ನೇರವಾಗಿ ರಫ್ತು ಮಾಡಲು ಹಿಂಜರಿಯುವವರು ವ್ಯಾಪಾರಿ ರಫ್ತುದಾರರಿಗೆ ಶೇ. 0.1ರ ದರದಲ್ಲಿ ಸರಕು ಪೂರೈಸಬಹುದು. ಆ ರಫ್ತುದಾರನು 90 ದಿನಗಳೊಳಗೆ ಸರಕನ್ನು ಹೊರಗೆ ಕಳುಹಿಸಬೇಕು. ಸುಂಕದ ವಿಷಯದಲ್ಲಿ, 2022ರ ಮೇ 1ರಿಂದ ಜಾರಿಯಲ್ಲಿರುವ ಸಂಯುಕ್ತ ಅರಬ್ ಸಂಸ್ಥಾನಗಳೊಂದಿಗಿನ ಒಪ್ಪಂದವನ್ನು ಪರಿಶೀಲಿಸುವುದು ಲಾಭಕರ. ಅದರ ಪ್ರಯೋಜನ ಪಡೆಯಲು ಬೇಕಾದ ಮೂಲ ದೇಶದ ಪ್ರಮಾಣಪತ್ರಕ್ಕೂ ತಯಾರಿಕೆಯ ಲೆಕ್ಕವೇ ಆಧಾರ.

ಮೊದಲ ಹೆಜ್ಜೆ

ಮೊದಲ ವಿದೇಶಿ ಗ್ರಾಹಕನನ್ನು ಹುಡುಕುವ ಮೊದಲು ಬೆಂಗಳೂರಿನ ಹಸಿರು ಕಟ್ಟಡಗಳಿಗೆ ಪೂರೈಸಲು ಪ್ರಯತ್ನಿಸುವುದು ಸೂಕ್ತ. ಅಲ್ಲಿನ ಸಲಹೆಗಾರರೂ ಇದೇ ಬಗೆಯ ಕಾಗದಗಳನ್ನು ಕೇಳುತ್ತಾರೆ; ತಪ್ಪಾದರೆ ತಿದ್ದಿಕೊಳ್ಳುವ ವೆಚ್ಚ ಕಡಿಮೆ. ಅಲ್ಲಿ ಒಪ್ಪಿತವಾದ ಕಡತವೇ ಕೊಲ್ಲಿ ರಾಷ್ಟ್ರಗಳಿಗೂ ಸಿಂಗಪುರಕ್ಕೂ ಕಳುಹಿಸುವ ಕಡತಕ್ಕೆ ತಳಹದಿಯಾಗುತ್ತದೆ.

ಯಂತ್ರ ಕೊಳ್ಳುವುದಕ್ಕೂ ಸಾಲಕ್ಕೆ ಅರ್ಜಿ ಹಾಕುವುದಕ್ಕೂ ಮೊದಲು ಮಾಡಬಹುದಾದ ಕೆಲಸ ಒಂದಿದೆ. ಬರುವ ಹಾಳೆ ಸಂಗ್ರಹದ ಕಾಲದಿಂದಲೇ ಖರೀದಿ ಪುಸ್ತಕದಲ್ಲಿ ಬೆಳೆಗಾರನ ಹೆಸರಿನ ಮುಂದೆ ಸರ್ವೆ ನಂಬರು, ದಿನಾಂಕ, ತೂಕಗಳನ್ನು ಬರೆದು, ಪಹಣಿಯ ಪ್ರತಿಯನ್ನು ಲಗತ್ತಿಸಿ, ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸತೊಡಗಬೇಕು. ವಿದ್ಯುತ್ ಮೀಟರಿನ ಅಂಕಿ, ಡೀಸೆಲ್ ಬಿಲ್ಲು, ಅಂಟಿನ ಖರೀದಿಗಳನ್ನು ತಿಂಗಳುವಾರು ಬರೆದಿಡಬೇಕು. ಪರಿಸರ ಘೋಷಣೆಗೆ ಸಾಮಾನ್ಯವಾಗಿ ಒಂದು ಪೂರ್ಣ ವರ್ಷದ ಅಂಕಿಅಂಶಗಳು ಬೇಕಾಗುತ್ತವೆ. ಹಿಂದಿನ ತಿಂಗಳುಗಳ ಲೆಕ್ಕವನ್ನು ಎಷ್ಟು ಹಣ ಕೊಟ್ಟರೂ ಅನಂತರ ಸೃಷ್ಟಿಸಲಾಗದು. ಈ ವರ್ಷ ಪುಸ್ತಕ ಆರಂಭಿಸಿದ ಘಟಕವು ಮುಂದಿನ ವರ್ಷ ವಿಚಾರಣೆಯ ಪತ್ರ ಬಂದಾಗ ಉತ್ತರಿಸಲು ಸಿದ್ಧವಾಗಿರುತ್ತದೆ.